ಗುರುವಾರದ ಸಹಿ

ನಮ್ಮ ಭಾವನನ್ನು ಅಕ್ಕನ ಗಂಡ ಅನ್ನುವುದಕ್ಕಿಂತ ಕಟಿಂಗ್ ಮೆಷಿನ್ನಿನ ಗಂಡ ಎಂದೇ ನಾನು ಛೇಡಿಸುತ್ತಿದ್ದೆ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅದರ ಮುಂದೆಯೇ ನಿಂತವರು. ನಾನು ತರಕಾರಿ ಹೆಚ್ಚುವಾಗಲೂ "ಬೆರಳು ಹುಷಾರಮ್ಮಾ" ಎನ್ನುವಷ್ಟು ಎಚ್ಚರದ ಮನುಷ್ಯ. ಅಂಥವರ ಬಲಗೈಯ ಮೂರು ಬೆರಳನ್ನು ಒಂದು ಬುಧವಾರ ಆ ಮೆಷಿನ್ನು ತಿಂದುಹಾಕಿತು. ಬ್ಲೇಡಿಗೆ ಅಡ್ಡವಿರಬೇಕಾದ ಗಾರ್ಡ್ ಎರಡು ತಿಂಗಳಿಂದ ಮುರಿದಿತ್ತು. ತಂತಿ ಬಿಗಿದು ಓಡಿಸುತ್ತಿದ್ದರು.

ಪರಿಹಾರದ ಅರ್ಜಿ ವಜಾ ಆಯಿತು. ಗಾರ್ಡ್ ಸರಿಯಾಗಿತ್ತಂತೆ, ಇವರೇ ಬಿಚ್ಚಿಟ್ಟು ಕೆಲಸ ಮಾಡಿದರಂತೆ! ಆಧಾರವೇನು? "ಗಾರ್ಡ್ ಸರಿ ಇದೆ" ಎಂದು ಅಚ್ಚಾದ ಸಾಲಿನ ಕೆಳಗೆ, ಬುಧವಾರದ ದಿನಾಂಕಕ್ಕೆ ಭಾವನ ಸಹಿಯಿದ್ದ ತಪಾಸಣೆ ಪುಸ್ತಕದ ಒಂದು ಹಾಳೆಯ ನಕಲು. ಕಂಪನಿಯವರು ಅದನ್ನು ಕೊಟ್ಟದ್ದು ವಿಚಾರಣೆಯೆಲ್ಲ ಮುಗಿದ ಮೇಲೆ. ನಮಗೆ ತೋರಿಸಲಿಲ್ಲ, ಭಾವನನ್ನು ಒಂದು ಮಾತು ಕೇಳಲಿಲ್ಲ. ನನಗಂತೂ ಮೈಯೆಲ್ಲ ಉರಿದುಹೋಯಿತು. ಭಾವ ಮಾತ್ರ ಕುಗ್ಗಿಹೋದರು. ಬೆರಳು ಹೋದಾಗಲೂ ಅವರು ಅಷ್ಟು ಕುಗ್ಗಿರಲಿಲ್ಲ. ತನ್ನ ತಪ್ಪನ್ನು ಕಂಪನಿಯ ಮೇಲೆ ಹೊರಿಸಿದವನು ಎಂದು ಆದೇಶದಲ್ಲಿ ಬರೆದಿದ್ದ ಮಾತು ಒಳಗೊಳಗೇ ಕೊರೆಯುತ್ತಿತ್ತು.

ಮೇಲ್ಮನವಿ ಬರೆಯುವಾಗ ನಮ್ಮ ವಕೀಲಮ್ಮ ಆ ನಕಲನ್ನು ಮುಂದಿಟ್ಟು, "ಸಹಿ ನಿಮ್ದೇನಾ?" ಎಂದರು.

"ನಂದೇ. ಆದ್ರೆ ಹಾಕಿದ್ದು ಸೋಮವಾರ," ಎಂದರು ಭಾವ ನೆಲ ನೋಡುತ್ತ. "ದಿನಾ ಯಾರು ಹಾಕ್ತಾರೆ ಅಂತ ಸೋಮವಾರ ಬೆಳಿಗ್ಗೇನೇ ಆರು ದಿನದ ಹಾಳೆಗೂ ಹಾಕಿಬಿಡ್ತಿದ್ವಿ. ಎಲ್ರೂ ಹಾಗೇ."

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಮುರಿದಿದ್ದು ಗೊತ್ತಿದ್ದೂ ಸರಿ ಇದೆ ಅಂತ ಸಹಿ ಹಾಕ್ದೋನು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ?"

ನನಗೆ ಸಿಟ್ಟೂ ಬಂತು, ಕರುಳೂ ಚುರ್ ಎಂದಿತು. ತೋರಿಸಿದ ಕಡೆಯೆಲ್ಲ ಸಹಿ ಗೀಚಿ ಬಂದವಳೇ ನಾನೂ. ಅದು ನಾಳೆ ನಮ್ಮ ಮೇಲೇ ಸಾಕ್ಷಿ ಹೇಳುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ವಕೀಲಮ್ಮ ಮಾತ್ರ ನಕ್ಕೇಬಿಟ್ಟರು. "ಹೇಳ್ಲೇಬೇಕು ಯಜಮಾನ್ರೇ. ಹಾಗಾದ್ರೆ ಗುರುವಾರದ ಹಾಳೇಲೂ ನಿಮ್ಮ ಸಹಿ ಇರ್ಬೇಕಲ್ಲ?"

ಇತ್ತು! ಮೇಲಿನ ನ್ಯಾಯಾಲಯ ಮೂಲ ಪುಸ್ತಕವನ್ನೇ ತರಿಸಿತು. ಗುರುವಾರ, ಶುಕ್ರವಾರ, ಶನಿವಾರ. ಭಾವ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಮೂರೂ ದಿನ, ಅದೇ ದುಂಡು ಅಕ್ಷರದ ಸಹಿ. ನ್ಯಾಯಾಧೀಶರು ಹಾಳೆಗಳನ್ನು ತಿರುವಿ ತಿರುವಿ ನೋಡಿ, ಕಂಪನಿಯ ವಕೀಲರತ್ತ ತಲೆಯೆತ್ತಿದರು. ಅವರು ತಮ್ಮ ಫೈಲಿನ ಹಾಳೆ ಮಗುಚತೊಡಗಿದರು.

ಹಳೆಯ ಆದೇಶ ರದ್ದಾಯಿತು. ಹಾಗೆಂದು ಪರಿಹಾರವೇನೂ ಸಿಗಲಿಲ್ಲ. ಎದುರಿನವರಿಗೆ ತೋರಿಸದ, ಪಾಟೀಸವಾಲಿಗೆ ಅವಕಾಶ ಕೊಡದ ಕಾಗದವನ್ನು ನಂಬಿದ್ದು ತಪ್ಪು, ಹೊಸದಾಗಿ ವಿಚಾರಣೆ ನಡೆಸಿ ಎಂದು ಪ್ರಕರಣ ಕೆಳಗಿನ ನ್ಯಾಯಾಲಯಕ್ಕೇ ವಾಪಸ್ಸು ಹೋಯಿತು. ಮತ್ತೆ ಅಲೆದಾಟ! ನಾನು ಕಾರಿಡಾರಿನಲ್ಲೇ ಬೈಯಲು ಶುರುಮಾಡಿದೆ.

ಭಾವ ಬೆಂಚಿನ ಮೇಲೆ ಕೂತು ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಕ್ಕ ಗಾಬರಿಯಾಗಿ ಪಕ್ಕದಲ್ಲಿ ಕೂತು, "ಸೋತ್ವಾ?" ಎಂದಳು.

"ಇಲ್ಲ ಕಣೇ," ಎಂದರು ಭಾವ. "ಈ ಸಲ ನನ್ನನ್ನೂ ಕೇಳ್ತಾರಂತೆ."