ಮುದ್ದೆ ಇಳಿದ ಮೇಲೆ ನಿಲ್ಲಿಸಿದ ಮಾತ್ರೆ

ನಮ್ಮವರ ಹೆಸರು ಚೆಲುವಯ್ಯ. ಊರು ಹನಗೋಡಿನ ಪಕ್ಕ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಕೂಲಿ ಮಾಡುತ್ತಿದ್ದರು. ಸೊಪ್ಪು ಬೇಯಿಸುವ ಆ ಎತ್ತರದ ಮನೆಯೊಳಗೆ ಹತ್ತಿ, ಮೇಲಿನ ಸಾಲಿಗೆ ಸೊಪ್ಪಿನ ಕಡ್ಡಿ ಜೋಡಿಸುವುದಕ್ಕೆ ಸಣ್ಣ ಮೈಯವರೇ ಬೇಕು. ಇವರದು ಒಣಗಿದ ಮೈ. ಚೆಲುವಯ್ಯ ಬರದಿದ್ದರೆ ಮೇಲಿನ ಸಾಲು ತುಂಬುವುದಿಲ್ಲ ಅಂತ ಊರಲ್ಲಿ ಮಾತಿತ್ತು. ಅದೊಂದು ಹೆಮ್ಮೆ ಬಿಟ್ಟರೆ ಇನ್ನೊಂದು ಅವರಿಗೆ ಇರಲಿಲ್ಲ. ಮುಂದೆ ಇಟ್ಟದ್ದನ್ನು ಉಣ್ಣುತ್ತಿದ್ದರು. ಕೈಗೆ ಕೊಟ್ಟದ್ದನ್ನು ನುಂಗುತ್ತಿದ್ದರು. ಇದೇನು ಅಂತ ಒಂದು ದಿನವೂ ಕೇಳಿದವರಲ್ಲ.

ವರ್ಷ ವರ್ಷ ಬ್ಯಾರನ್ ಮುಗಿಯುವ ಹೊತ್ತಿಗೆ ಅವರಿಗೆ ಕೆಮ್ಮು, ಜ್ವರ ಬರುತ್ತಿತ್ತು. ಒಂದು ಸಲ ಹುಣಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಕೆಂಪು ಕಪ್ಪು ಬಣ್ಣದ ಕ್ಯಾಪ್ಸೂಲನ್ನು ಏಳು ದಿನಕ್ಕೆ ಬರೆದುಕೊಟ್ಟರು. ಮೂರನೇ ದಿನ ಇವರು ಎದ್ದು ಕೂತು ಮುದ್ದೆ ಉಂಡರು. ಮುದ್ದೆ ಇಳಿಯಿತು ಅಂದರೆ ಕಾಯಿಲೆ ಹೋಯಿತು ಅಂತ ನಮ್ಮ ಕಡೆ ನಂಬಿಕೆ. ಆಮೇಲೂ ಮಾತ್ರೆ ನುಂಗಿದರೆ ಉಷ್ಣ ಅನ್ನುತ್ತಾರೆ. ನಾನು ನಿಲ್ಲಿಸಿಬಿಟ್ಟೆ. ಉಳಿದದ್ದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟೆ. ಮತ್ತೆ ಕೆಮ್ಮಿದಾಗ ಎರಡು ಕೊಟ್ಟೆ. ಇನ್ನೊಂದು ಸಲ ಮೂರು. ಮುಗಿದರೆ ಅಂಗಡಿಯಲ್ಲಿ ಅದೇ ಬಣ್ಣ ಹೇಳಿ ತರುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು.

ಹೆಪ್ಪು ಕೇಳಿಕೊಂಡು ಬರುವ ಹಾಗೆ ಬೀದಿಯವರೂ ಬಂದು ಒಂದೆರಡು ಒಯ್ಯುತ್ತಿದ್ದರು.

"ಅಮ್ಮೀ, ಬಾಗ್ಲಿಗೆ ಡಾಕ್ಟ್ರು ಅಂತ ಒಂದು ಬೋರ್ಡ್ ಆಕ್ಸ್ಬುಡು" ಅಂತ ನಮ್ಮವರು ನಗುತ್ತಿದ್ದರು. ನನಗೂ ಒಳಗೊಳಗೆ ಹಿಗ್ಗು.

ಎರಡು ಸಾವಿರದ ನಾಲ್ಕನೇ ಇಸವಿ, ದೀಪಾವಳಿ ಕಳೆದಿತ್ತು. ಕೆಮ್ಮು ಬಂತು. ನಾಲ್ಕು ದಿನ ನನ್ನ ಡಬ್ಬಿಯ ಮಾತ್ರೆಯೇ ಕೊಟ್ಟೆ. ಜ್ವರ ಇಳಿಯಲಿಲ್ಲ. ಉಸಿರು ಎಳೆದರೆ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಇವರ ಅಕ್ಕ ಮರಮ್ಮನೂ ನಾನೂ ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ತಾಯಿ ಇಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಮರಮ್ಮ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನೋಡಿದ ಕೂಡಲೇ ಕೇಳಿದರು, ಇದಕ್ಕೆ ಮುಂಚೆ ಏನಾದರೂ ಮಾತ್ರೆ ಕೊಟ್ಟಿದ್ದೀರಾ, ನೀವಾಗಿಯೇ ಅಂಗಡಿಯಿಂದ ತಂದಿದ್ದೀರಾ ಅಂತ. ಮರಮ್ಮ ಪಕ್ಕದಲ್ಲೇ ನಿಂತಿದ್ದಳು.

"ಏನೂ ಇಲ್ಲ ಕಣವ್ವ. ಬರೀ ಕಷಾಯ" ಅಂದೆ.

ಇವರು ನನ್ನ ಮುಖ ನೋಡಿದರು. ಮಾತಾಡುವ ಶಕ್ತಿ ಇರಲಿಲ್ಲ, ಆದರೆ ತಲೆ ಆಡಿಸಬಹುದಿತ್ತು. ಆಡಿಸಲಿಲ್ಲ. ಕಣ್ಣು ಕೆಳಗೆ ಹಾಕಿಕೊಂಡರು. ಎಲ್ಲರ ಮುಂದೆ ನನಗೆ ಬೈಗುಳ ಬೀಳಬಾರದು ಅಂತ.

ಮೂರನೇ ದಿನ ಕಫದ ಪರೀಕ್ಷೆಯ ರಿಪೋರ್ಟು ಬಂತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಈ ರೋಗಾಣುವಿಗೆ ಮಾಮೂಲಿ ಔಷಧಿ ಯಾವುದೂ ನಾಟುತ್ತಿಲ್ಲ, ಅರ್ಧಂಬರ್ಧ ಮಾತ್ರೆ ತಿಂದೂ ತಿಂದೂ ಹೀಗಾಗುತ್ತದೆ, ನಿಜ ಹೇಳಿ ಅಂದರು. ಆಗ ಹೇಳಿದೆ. ಬೈಯಲಿಲ್ಲ.

"ಮೊದಲನೇ ದಿನವೇ ಹೇಳಿದ್ದರೆ ಬೇರೆ ಇಂಜೆಕ್ಷನ್ ಶುರು ಮಾಡ್ತಿದ್ದೆ" ಅಂತಷ್ಟೇ ಅಂದು, ಅದನ್ನು ತರಿಸಲು ಓಡಿದರು.

ತಂದರು. ಕೊಟ್ಟರು. ಐದನೇ ದಿನ ಮಧ್ಯಾಹ್ನ ಇವರು ಹೋದರು.

ತಿಥಿಯ ದಿನ ಊಟ ಮುಗಿಸಿ ಜನ ಜಗಲಿಯಲ್ಲಿ ಕೂತಿದ್ದರು. ಮರಮ್ಮ ಎದ್ದು ನಿಂತಳು.

"ಆ ಡಾಕ್ಟ್ರಮ್ಮನೇ ನನ್ ತಮ್ಮನ್ನ ತಿಂದ್ಕಂಡ್ಲು. ಎಲ್ಡು ದಿನ ಬರೀ ಬಾಟ್ಲಿ ಏರಿಸ್ಕಂಡು ಕೂತಿದ್ಲು. ನಾಳೀಕೆ ಎಲ್ರೂ ಓಗವಾ. ಅವ್ಳ ಜುಟ್ಟು ಇಡಿದು ಕೇಳ್ತೀನಿ."

ಗಂಡಸರು ಹೂಂ ಅಂದರು. ಅವಳು ನನ್ನ ಕಡೆ ತಿರುಗಿ, ನೀನೇ ನೋಡಿದ್ದೀಯಲ್ಲ ಅಂದಳು. ನಾನು ತಲೆ ಆಡಿಸಿದೆ. ಮಾತ್ರೆ ಕೊಟ್ಟದ್ದು ತಿಳಿಯದೆ. ತಲೆ ಆಡಿಸಿದ್ದು ತಿಳಿದೂ ತಿಳಿದು.

ಬೆಳಿಗ್ಗೆ ಟೆಂಪೋ ಬಂದು ನಿಂತಿತು. ಹತ್ತು ಜನ ಹತ್ತಿದ್ದರು. ಮರಮ್ಮ ಮುಂದೆ ಕೂತಿದ್ದಳು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಅಕ್ಕ, ಆಯಮ್ಮ ಕೇಳಿದ್ಲು. ನಾನೇ ಸುಳ್ಳೇಳ್ದೆ. ಆರು ವರ್ಸದಿಂದ ನಾನೇ ಮಾತ್ರೆ ಕೊಟ್ಕೊಂಡು ಬಂದಿವ್ನಿ. ನಿನ್ ಮುಂದೆ ಬೈಸ್ಕಬೇಕಾಯ್ತದಲ್ಲ ಅಂತ ಏಳ್ನಿಲ್ಲ."

ಮರಮ್ಮ ನನ್ನ ಕಡೆ ತಿರುಗಿದಳು.

"ಅವನ್ಗೆ ಗೊತ್ತಿತ್ತಾ, ನೀನು ಸುಳ್ಳೇಳಿದ್ದು?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಕಿದ್ನಾ?"

ಮರಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಇಳಿದಳು. ಸೆರಗು ತಲೆ ಮೇಲೆ ಎಳೆದುಕೊಂಡು ಮನೆ ಕಡೆ ನಡೆದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

ಅವಳ ಮನೆ ಎದುರು ಸಾಲಿನಲ್ಲೇ ಇದೆ. ಅವತ್ತಿನಿಂದ ನನ್ನ ಹೊಸಿಲು ದಾಟಿಲ್ಲ. ನಾನೂ ಕರೆದಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ.