ಅಟ್ಟದಲ್ಲಿ ಉಳಿದ ಕಾಯಿ

ಗುಬ್ಬಿ ಹತ್ತಿರದ ನಮ್ಮ ಮನೆಯಲ್ಲಿ ನನ್ನ ಗಂಡ ಕೊನೆಯದಾಗಿ ಮಾಡಿದ ಕೆಲಸ ಅಟ್ಟಕ್ಕೆ ತೆಂಗಿನಕಾಯಿ ತುಂಬಿದ್ದು. ಸಿಪ್ಪೆ ಸಮೇತ ಅಟ್ಟದಲ್ಲಿಟ್ಟ ಕಾಯಿಯ ನೀರೆಲ್ಲ ಆರಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ತುಂಬಿದ ಎಂಟನೇ ದಿನ ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲ.

ತಿಥಿಗೆ ಬಂದವರೆಲ್ಲ ಧೈರ್ಯ ತಗೋ ಅಂದರು. ಧೈರ್ಯವೇನು ಸಂತೆಯಲ್ಲಿ ಸಿಗುತ್ತದೆಯೇ, ಹೋಗಿ ತರೋಕೆ? ನನಗೆ ಮೈಯೆಲ್ಲ ಉರಿಯುತ್ತಿತ್ತು. ಸತ್ತವರ ಮೇಲೂ ಸಿಟ್ಟು, ಬದುಕಿದವರ ಮೇಲೂ ಸಿಟ್ಟು.

ತುಮಕೂರಿನಲ್ಲಿರುವ ನನ್ನ ಅಣ್ಣ ಮಾತ್ರ ಒಂದು ದಾರಿ ಹೇಳಿದ. ತೋಟ ಗುತ್ತಿಗೆಗೆ ಕೊಡುವುದು, ಅತ್ತೆಯನ್ನು ಹುಲಿಯೂರುದುರ್ಗದ ಮಗಳ ಮನೆಗೆ ಕಳಿಸುವುದು, ನಾನು ಅವನ ಮನೆಗೆ ಬಂದು ಗಾರ್ಮೆಂಟ್ಸ್ ಕೆಲಸಕ್ಕೆ ಸೇರುವುದು. "ಮಕ್ಳೂ ಇಲ್ಲ. ಒಬ್ಳೇ ತೋಟ ಇಟ್ಕೊಂಡು ಏನ್ ಮಾಡ್ತೀಯಾ? ಕೊಬ್ರಿ ಬಗ್ಗೆ ನಿಂಗೇನ್ ಗೊತ್ತಮ್ಮಾ?" ಅಂದ. ನಿಜವೇ. ನಾನು ಕುಣಿಗಲ್ ಕಡೆ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಅಟ್ಟದ ಕೆಲಸವೆಲ್ಲ ಗಂಡನದಾಗಿತ್ತು.

"ಈ ಸಲದ ಕಾಯಿ ಒಡೆಸೋವರ್ಗೂ ತಡಿಯಣ್ಣ," ಅಂದೆ. ಉಳಿಯಬೇಕೋ ಹೋಗಬೇಕೋ ನನಗೇ ಗೊತ್ತಿರಲಿಲ್ಲ.

ಮಗ ಹೋದ ಮೇಲೆ ಅತ್ತೆ ಮಾತೇ ಬಿಟ್ಟಿದ್ದರು. ಇಟ್ಟಿದ್ದನ್ನು ಉಣ್ಣುವುದು, ಗೋಡೆ ಕಡೆ ತಿರುಗಿ ಮಲಗುವುದು. ನಾನೂ ಮಾತಾಡಿಸಲಿಲ್ಲ. ಒಂದೇ ಸೂರಿನಡಿ ಇಬ್ಬರೂ ಬೇರೆ ಬೇರೆ ಅಳುತ್ತಿದ್ದೆವು.

ಏಳನೇ ತಿಂಗಳಿಗೆ ನನ್ನ ಕೈಲಿ ತಡೆಯಲಾಗಲಿಲ್ಲ. ಆ ಕಾಯಿ ತಲೆಯ ಮೇಲಿರುವ ತನಕ ಉಸಿರಾಡಲೂ ಆಗುತ್ತಿರಲಿಲ್ಲ. ಬೇಗ ಮುಗಿಸಿ ಎಲ್ಲಾದರೂ ಹೋಗಿಬಿಡೋಣ ಅಂತ ಒಂದು ಮಧ್ಯಾಹ್ನ ಏಣಿ ಹತ್ತಿ ಒಂದಷ್ಟು ಕಾಯಿ ಇಳಿಸಿ, ಸುಲಿದು ಒಡೆದೆ. ಮೊದಲನೆಯದರಲ್ಲೇ ನೀರು ಸೀರೆ ಮೇಲೆ ಚೆಲ್ಲಿತು. ತಿರುಳು ಕರಟಕ್ಕೆ ಕಚ್ಚಿಕೊಂಡು ಚೂರುಚೂರಾಗಿ ಬಂತು. ಇನ್ನೊಂದು ಒಡೆದೆ, ಮತ್ತೊಂದು ಒಡೆದೆ, ಎಲ್ಲ ಹಾಗೇ. ಅವರು ಆರಿಸಿ ಇಟ್ಟ ಕಾಯಿ ನನ್ನ ಕೈಯಲ್ಲಿ ಹಾಳಾಯಿತಲ್ಲ ಅಂತ ಅಂಗಳದಲ್ಲೇ ಕೂತು ಗೋಳೋ ಅಂದುಬಿಟ್ಟೆ.

ಒಳಗಿಂದ ಅತ್ತೆ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಒಡೆಯದೆ ಉಳಿದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

"ನೀರೈತೆ ಕಣವ್ವ. ಕೇಳು," ಎಂದು ನನ್ನ ಕಿವಿಗೂ ಹಿಡಿದರು. "ಆತುರ ಬಿದ್ರೆ ಆಯ್ತದಾ? ಒಳಗೆ ಕೊಬ್ರಿ ಲೊಡಲೊಡ ಅಂತ ಆಡ್ಬೇಕು. ಅವನ್ಗೂ ನಾನೇ ಹೇಳ್ಕೊಟ್ಟಿದ್ದು."

ಅಷ್ಟು ಹೇಳಿ ಅವರೂ ನನ್ನ ಪಕ್ಕ ಕುಸಿದು ಕಣ್ಣೊರೆಸಿಕೊಂಡರು.

ಅಲ್ಲಿಂದಾಚೆ ವಾರಕ್ಕೊಮ್ಮೆ ನಾನು ಏಣಿ ಹತ್ತಿ ಕಾಯಿ ಅಲ್ಲಾಡಿಸುವುದು, ಅತ್ತೆ ಕೆಳಗಿಂದ "ಏನಂತೈತೆ?" ಅಂತ ಕೇಳುವುದು. "ಇನ್ನೂ ನೀರು ಕಣತ್ತೆ." ದುಃಖ ಕಡಿಮೆಯಾಯಿತು ಅಂತ ಸುಳ್ಳು ಹೇಳಲಾರೆ. ಎಷ್ಟೋ ಸಲ ಏಣಿಯ ಮೇಲೇ ನಿಂತು ಕಣ್ಣೀರು ಹಾಕಿದ್ದೇನೆ. ಆದರೆ ಕೆಳಗೆ ಕೇಳುವವರೊಬ್ಬರಿದ್ದರು, ಇಳಿದು ಬಂದು ಉತ್ತರ ಕೊಡಬೇಕಿತ್ತು.

ಕೊನೆಗೆ ಕಾಯಿ ಒಣಗಿದವು. ಒಡೆಸಿದಾಗ ಕೊಬ್ಬರಿ ಇಡೀ ಉಂಡೆಯಾಗಿ ಬಂತು. ಅಟ್ಟ ಖಾಲಿಯಾದ ವಾರವೇ ಅಣ್ಣ ಲಗೇಜ್ ಆಟೋ ಮಾಡಿಕೊಂಡು ಬಂದ. ಬಾಗಿಲಲ್ಲಿ ಅತ್ತೆಯ ಬಟ್ಟೆಗಂಟಿತ್ತು. ಯಾರೂ ಹೇಳದೆ ತಾವೇ ಕಟ್ಟಿಕೊಂಡಿದ್ದರು. 

ಅಂಗಳದಲ್ಲಿ ಆಗತಾನೇ ಕೆಡವಿಸಿದ ಕಾಯಿಯ ರಾಶಿ. "ಇದನ್ನ ಗುತ್ತಿಗೆಯವನು ನೋಡ್ಕೊಳ್ತಾನೆ, ಹೊರಡು," ಅಂದ ಅಣ್ಣ. ನಾನು ಗಂಟನ್ನು ಒಳಗಿಟ್ಟು ಬಂದು, ಸೆರಗು ಸಿಕ್ಕಿಸಿ ಏಣಿ ಹತ್ತಿದೆ.

"ಅಣ್ಣ, ಪ್ಯಾಂಟ್ ಮಡಚ್ಕೋ. ಒಂದೊಂದೇ ಕಾಯಿ ಎತ್ಕೊಡು."

"ಏನೇ ಇದು? ಒಣಗೋಕೆ ಇನ್ನೊಂದ್ ವರ್ಷ ಬೇಕಲ್ಲೇ!"

"ಹೂಂ, ಬೇಕು," ಅಂದೆ.

ಅವನು ಬಾಯಿಬಿಟ್ಟುಕೊಂಡು ನಿಂತೇ ಇದ್ದ. ಮೊದಲ ಕಾಯಿ ಎತ್ತಿಕೊಟ್ಟದ್ದು ಅತ್ತೆ.