ಒರೆಸಿಹೋದ ಹಣೆ

ಕೆಲವು ವಿವರಗಳಲ್ಲಿ ನಾನು ತಪ್ಪಿರಬಹುದು. ಚಿತ್ರ ಒರೆಸಿದಾಗ ನನಗೆ ಹದಿನೈದೋ ಹದಿನೇಳೋ, ಕೈಯಲ್ಲಿದ್ದ ಬಟ್ಟೆ ಬಿಳಿಯದೋ ಹಳದಿಯೋ, ಖಚಿತವಿಲ್ಲ. ಚಿತ್ರ ಇದ್ದದ್ದಂತೂ ನಿಜ: ಇಲ್ಲಿ ಪರದೇಶದಲ್ಲಿ, ಯೂನಿಯನ್‌ವಿಲ್‌ನ ದೊಡ್ಡಮ್ಮನ ಮನೆಯಲ್ಲಿ, ಊಟದ ಮೇಜಿನ ಎದುರು, ಗಾಜಿಲ್ಲದ ಚೌಕಟ್ಟಿನಲ್ಲಿ ನಮ್ಮ ಅಜ್ಜನ ಅಜ್ಜಿ.

ಬರೆದವನು ವಿಕ್ಟೋರಿಯಾ ಕಾಲದ ಒಬ್ಬ ಇಂಗ್ಲಿಷ್ ಚಿತ್ರಕಾರ. ಅವನ ಜೀವನಚರಿತ್ರೆ ಬರೆಯಲು ನಾನು ಕೈಹಾಕಿ ಆರು ವರ್ಷವಾಯಿತು. ಅವನನ್ನು ಕಂಡರೆ ನನಗಾಗುವುದಿಲ್ಲ. ಅಂಗಡಿ ಬೋರ್ಡು ಬರೆಯುವವನ ಮಗ. ಗಿರಣಿ ಮಾಲೀಕರನ್ನು ಇದ್ದುದಕ್ಕಿಂತ ಚೆಂದ ಮಾಡಿ ತೋರಿಸಿ ಹೆಸರು ಮಾಡಿದ. ಫೋಟೋ ಸ್ಟುಡಿಯೋಗಳು ಬಂದು ಗಿರಾಕಿಗಳು ಚದುರಿದ ಮೇಲೆ ಹಡಗು ಹತ್ತಿದ. ಮೈಸೂರಿನ ಅರಮನೆಯಲ್ಲಿ ಕೆಲಸ ಸಿಗದೆ ಗುಮಾಸ್ತರ ಮನೆಗಳನ್ನು ಹಿಡಿದ; ಅಜ್ಜಿಯ ಮನೆ ಅವುಗಳಲ್ಲೊಂದು. ತಂಗಿಗೆ ಬರೆದ ಪತ್ರದಲ್ಲಿ ಅಜ್ಜಿಯ ಮೂಗುತಿಯ ಬಗ್ಗೆ ಅರ್ಧ ಪುಟವಿದೆ, ಅವಳ ಹೆಸರಿಲ್ಲ. ಸೀರೆ, ಒಡವೆಗಳಿಗೆ ದಪ್ಪ ಬಣ್ಣ ಮೆತ್ತಿ, ಮುಖವನ್ನು ಮಾತ್ರ ಕೊನೆಯ ದಿನ ತೆಳ್ಳನೆಯ ಪದರಗಳಲ್ಲಿ ಮುಗಿಸುವುದು ಅವನ ರೂಢಿ.

ಆ ತೆಳು ಬಣ್ಣದ ಹಣೆಗೆ ನಾವು ಪ್ರತಿ ಅವಿಧವಾ ನವಮಿಯಂದು, ಮುತ್ತೈದೆಯರಾಗಿ ಹೋದವರನ್ನು ನೆನೆಯುವ ದಿನ, ಕುಂಕುಮ ಇಡುತ್ತಿದ್ದೆವು. ಮರುವರ್ಷ ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದು.

ಕಳೆದ ತಿಂಗಳು ಪುಸ್ತಕಕ್ಕಾಗಿ ಹಳೆಯ ಚಿತ್ರಗಳ ಪರೀಕ್ಷಕಿಯೊಬ್ಬಳನ್ನು ಅಲ್ಲಿಗೆ ಕರೆದೊಯ್ದೆ. ಹಣೆ, ಹುಬ್ಬು, ಮೂಗಿನ ಮೇಲ್ಭಾಗದಲ್ಲಿ ಅವನ ಬಣ್ಣವೇ ಉಳಿದಿಲ್ಲ, ಉಜ್ಜಿ ಉಜ್ಜಿ ಹೋಗಿದೆ ಎಂದಳು. ಅವಳು ಹೋದ ಮೇಲೆ ಊಟಕ್ಕೆ ಕೂತೆವು.

"ನೀನೇ ಒರೆಸ್ತಿದ್ದಿದ್ದು," ಅಂದರು ದೊಡ್ಡಮ್ಮ, ಹುಳಿ ಬಡಿಸುತ್ತ. "ಡಿಶ್ ಸೋಪ್ ಹಾಕ್ಕೊಂಡು, ಬಾಣಲೆ ಉಜ್ಜಿದ ಹಾಗೆ."

"ಒಂದು ವರ್ಷ ಇರಬಹುದು ದೊಡ್ಡಮ್ಮ."

"ಒಂದಂತೆ. ಪಿಎಚ್‌ಡಿ ಮಾಡಿದೋಳಿಗೆ ಎಣಿಸೋಕ್ ಬರಲ್ಲ."

ಅವರ ಮಗಳು ಫೋನಿನಿಂದ ತಲೆ ಎತ್ತಲಿಲ್ಲ. "ಅಮ್ಮಾ, ಲೆಟ್ ಇಟ್ ಗೋ. ಇಟ್ಸ್ ಜಸ್ಟ್ ಅ ಪೇಂಟಿಂಗ್."

"ನೀನು ಸುಮ್ನಿರೆ. ನಾಳೆ ಇವಳು ಬುಕ್ಕಲ್ಲಿ ಬರೀತಾಳೆ, ಕುಂಕುಮ ಇಟ್ಟು ಇವರೇ ಹಾಳು ಮಾಡಿದ್ರು ಅಂತ. ಪಟ ಇವತ್ತೇ ಬೇಸ್‌ಮೆಂಟಿಗೆ ಹೋಗತ್ತೆ. ಇನ್ನು ನಿನಗೆ ತೋರಿಸಲ್ಲ."

ಅಜ್ಜಿಯ ಫೋಟೋ ಬೇರೆಲ್ಲೂ ಇಲ್ಲ. ಮುಖ ಅಳಿಸಿದವಳು ನಾನೇ ಆದರೆ, ಆ ಚಿತ್ರಕಾರನನ್ನು ದೂರುವ ಪುಸ್ತಕ ಬರೆಯಲು ನನಗೇನು ಹಕ್ಕು? ನನ್ನ ನೆನಪಿನಲ್ಲಿ ಬಟ್ಟೆಗೆ ಕುಂಕುಮದ ಕೆಂಪಿನ ಜೊತೆ ಕಂದು ಬಣ್ಣವೂ ಹತ್ತಿದೆ. ಬಳೆ ತೊಟ್ಟ ಕೈಯೊಂದು ಅದನ್ನು ಕಿತ್ತುಕೊಂಡು, ಸಿಂಕಿನಲ್ಲಿ ಹಿಂಡಿ, ಮತ್ತೆ ನನ್ನ ಕೈಗೇ ಕೊಡುತ್ತದೆ. ಆ ಕೈಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಹೊರಡುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ದೊಡ್ಡಮ್ಮನನ್ನು ಕೇಳಿದೆ. ಅವರು ನನ್ನ ಕೋಟು ತಂದು ಕೈಗಿತ್ತರು. ನಾನು ಕೇಳಿದ್ದು ಇಷ್ಟೇ:

"ಬಟ್ಟೆಗೆ ಬಣ್ಣ ಬಂದಿದ್ದು ಅವತ್ತು ನೀವೂ ನೋಡಿದ್ರಲ್ವಾ?"